ಹಳೇ ಜೋಡಿನಳಿಗೆಯ ಕೋವಿ

"ಈ ಮುದಿ ಕೋವಿಯನ್ನು ನಂಬಿ ರಾತ್ರಿ ತೋಟಕ್ಕೆ ಹೋಗುವುದಾ?" ಅಂತ ಹುಡುಗರು ಕೇಳುವುದುಂಟು. ನಂಬಲು ಕಾರಣ ಉಂಟು ಮಾರಾಯ್ರೆ. ನಮ್ಮದು 12 ಬೋರಿನ ಜೋಡಿನಳಿಗೆ. ಮಡಚಿದರೆ ಎರಡು ನಳಿಗೆಯೂ ಕಣ್ಣಿಗೆ ಕಾಣುತ್ತವೆ. ಒಳಗೆ ತೋಟೆ ಉಂಟೋ ಇಲ್ಲವೋ, ಕತ್ತಲಲ್ಲೂ ಬೆರಳಿಗೆ ತಿಳಿಯುತ್ತದೆ. ತೋಟೆ ತಳ್ಳುವ ಸ್ಪ್ರಿಂಗಾಗಲಿ ಮ್ಯಾಗಜಿನ್ ಆಗಲಿ ಇಲ್ಲ. ಸಿಕ್ಕಿಕೊಳ್ಳುವ ಹೆದರಿಕೆ ಕಡಿಮೆ. ಒಂದು ನಳಿಗೆ ಕೈಕೊಟ್ಟರೆ ಇನ್ನೊಂದು ಇದ್ದೇ ಇದೆ.

ಹಾಗಂತ ಕಣ್ಣುಮುಚ್ಚಿ ನಂಬುವ ಸಾಮಾನಲ್ಲ. ಮಳೆಗಾಲದ ತೇವಕ್ಕೆ ತೆಂಬರೆಯ ಚರ್ಮ ಸಡಿಲವಾಗುವ ಹಾಗೆ ಕಾಗದದ ತೋಟೆಯೂ ಉಬ್ಬುತ್ತದೆ, ನಳಿಗೆಗೆ ತುಕ್ಕು ಹಿಡಿಯುತ್ತದೆ. ಎಣ್ಣೆ ಬಟ್ಟೆಯಲ್ಲಿ ಒರೆಸಿಡಬೇಕು. ಟ್ರಿಗರ್ ಎಳೆದೂ ಗುಂಡು ಹಾರದಿದ್ದರೆ ಕೂಡಲೇ ಮಡಚಬಾರದು. ಮೂತಿಯನ್ನು ಜನವಿಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷ ಕಾಯಬೇಕು. ತೋಡು ದಾಟುವಾಗ ತೋಟೆ ಹೊರಗೇ ಇರಬೇಕು.

ಬೆಳೆ ತಿನ್ನುವ ಕಾಡುಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ಲೈಸೆನ್ಸಿನ ಕೋವಿಯೇ ಆಗಬೇಕು. ಆದರೆ ಅಪ್ಪಣೆ ಇದ್ದರೂ, ಕೋವಿ ಎಷ್ಟು ಒಳ್ಳೆಯದಾದರೂ, ಗಿಡದ ಮರೆಯಲ್ಲಿ ಕದಲಿದ್ದು ಹಂದಿಯೋ ಟಾರ್ಚಿಲ್ಲದೆ ಬರುವ ನೆರೆಮನೆಯವನೋ ಎಂದು ಅದು ಹೇಳುವುದಿಲ್ಲ. ಗುರುತು ಸಿಗುವ ತನಕ ನನ್ನ ಬೆರಳು ಟ್ರಿಗರಿಗೆ ಹೋಗುವುದಿಲ್ಲ. ಹಂದಿ ನಾಲ್ಕು ಬುಡ ಮರಗೆಣಸು ತಿಂದರೆ ತಿನ್ನಲಿ, ಮುಂದಿನ ಮಳೆಗೆ ಮತ್ತೆ ನೆಡಬಹುದು.