ವೆರ್ಸೋವಾದ ದಡ, ಗಂಗೊಳ್ಳಿಯ ಅಳಿವೆ ಮತ್ತು ಎರಡು ಎಂಜಿನ್‌ಗಳು

ಅಂಧೇರಿ ಎಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವುದು ಮೆಟ್ರೋ, ಲೋಖಂಡವಾಲಾದ ಅಂಗಡಿಗಳು, ಧಾರಾವಾಹಿಗಳ ಸ್ಟುಡಿಯೋಗಳು, ಮತ್ತು ಎಂದೂ ಕರಗದ ಟ್ರಾಫಿಕ್. ಅಂಧೇರಿಗೆ ಒಂದು ಸಮುದ್ರವೂ ಇದೆ, ಆ ಸಮುದ್ರವನ್ನೇ ನಂಬಿ ಬದುಕುವ ಒಂದು ಹಳೆಯ ಊರೂ ಇದೆ ಎಂಬುದು ಎಷ್ಟು ಜನರಿಗೆ ಗೊತ್ತು? 2014ರ ಜೂನ್ ತಿಂಗಳಲ್ಲಿ ಓಡತೊಡಗಿದ ಮೆಟ್ರೋದ ಕೊನೆಯ ನಿಲ್ದಾಣಕ್ಕೆ ವೆರ್ಸೋವಾ ಎಂದು ಹೆಸರು. ಆದರೆ ಅಲ್ಲಿ ಇಳಿದವರಿಗೆ ಕಾಣುವುದು ಕಟ್ಟಡಗಳು ಮಾತ್ರ. ನಿಜವಾದ ವೆರ್ಸೋವಾವನ್ನು ನೋಡಬೇಕಾದರೆ ರಿಕ್ಷಾ ಹಿಡಿದು, ಸಾತ್ ಬಂಗ್ಲಾ ದಾಟಿ, ಕೋಳಿವಾಡದ ಇಕ್ಕಟ್ಟಿನ ಓಣಿಗಳನ್ನು ಹೊಕ್ಕು ಜೆಟ್ಟಿಯವರೆಗೆ ಹೋಗಬೇಕು. ಓಣಿ ಮುಗಿಯುವ ಮೊದಲೇ ಒಣಮೀನಿನ ವಾಸನೆ ನಿಮ್ಮನ್ನು ಎದುರುಗೊಳ್ಳುತ್ತದೆ. ಮೂಗು ಮುಚ್ಚಿಕೊಳ್ಳಬೇಡಿ, ನಮ್ಮಲ್ಲಿ ಅನೇಕರ ಅಜ್ಜ-ಅಜ್ಜಿಯರ ಮನೆಯ ವಾಸನೆಯೂ ಅದೇ.

ಬಿದಿರಿನ ಕಂಬಗಳಿಗೆ ಕಟ್ಟಿದ ಅಡ್ಡಗಳಗಳ ಮೇಲೆ ಬೊಂಬಿಲ್ ಮೀನುಗಳನ್ನು ಜೋಡಿಸಿ ಒಣಗಿಸುವ ದೃಶ್ಯ ಅಲ್ಲಿ ಸಾಮಾನ್ಯ. ಬಣ್ಣ ಬಳಿದ ದೊಡ್ಡ ದೋಣಿಗಳು ಖಾರಿಯಲ್ಲಿ ಸಾಲಾಗಿ ನಿಂತಿರುತ್ತವೆ. ಆಚೆ ದಡದಲ್ಲಿ ಮಢ್ ಕಾಣುತ್ತದೆ. ಕೆಲವೇ ನಿಮಿಷಗಳಲ್ಲಿ ದಾಟಿಸುವ ದೋಣಿಯೂ ಇದೆ. ರಸ್ತೆಯಲ್ಲಿ ಹೋದರೆ ಮಲಾಡ್ ಸುತ್ತಿ ಬರಬೇಕಾದ ದಾರಿ ಅದು. ಮೀನುಗಾರಿಕೆಯಲ್ಲಿ ಉನ್ನತ ಶಿಕ್ಷಣ ಕೊಡುವ, 1961ರಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ ಇರುವುದೂ ವೆರ್ಸೋವಾದಲ್ಲಿಯೇ.

ನಮ್ಮವರಿಗೂ ಅಂಧೇರಿಗೂ ನಂಟು ಹಳೆಯದು. 1902ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಿಕ್ಷಣ ಸಂಕುಲ ಇಂದು ಅಂಧೇರಿ ಪಶ್ಚಿಮದ ವೀರ ದೇಸಾಯಿ ರಸ್ತೆಯ ಬಳಿ ಇದೆ. ಕರಾವಳಿಯಿಂದ ಬರಿಗೈಯಲ್ಲಿ ಬಂದ ಕಡಲ ಮಕ್ಕಳು ಕಟ್ಟಿದ ಸಂಸ್ಥೆಯದು. ಕೋಳಿ ಜನರಿಗೂ ನಮಗೂ ಭಾಷೆ ಬೇರೆಯಾದರೂ ಬದುಕು ಒಂದೇ. ದೋಣಿಯ ಮುಖ್ಯಸ್ಥನನ್ನು ಅವರೂ ತಾಂಡೇಲ ಎನ್ನುತ್ತಾರೆ, ನಾವೂ ತಾಂಡೇಲ ಎನ್ನುತ್ತೇವೆ. ಶ್ರಾವಣದ ಹುಣ್ಣಿಮೆಯಂದು ಅವರು ‘ನಾರಳಿ ಪೌರ್ಣಿಮಾ’ ಎಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದರೆ, ಅದೇ ನೂಲ ಹುಣ್ಣಿಮೆಯಂದು ಮಲ್ಪೆಯ ವಡಭಾಂಡೇಶ್ವರದಲ್ಲಿ ನಮ್ಮವರು ಸಮುದ್ರಪೂಜೆ ಮಾಡುತ್ತಾರೆ.

ಈ ಸಲ ನಾನು ವೆರ್ಸೋವಾಕ್ಕೆ ಹೋದದ್ದು ಮೀನು ಕೊಳ್ಳಲು ಅಲ್ಲ, ಒಂದು ಸಲಹೆ ಕೇಳಲು. ಅದರ ಹಿನ್ನೆಲೆಯನ್ನು ಹೇಳಬೇಕು.

ನನ್ನ ತವರು ಗಂಗೊಳ್ಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಸೇರಿ ಪಂಚಗಂಗಾವಳಿಯಾಗಿ ಕಡಲನ್ನು ಕೂಡುವ ಊರು. ನದಿಯು ಸಮುದ್ರವನ್ನು ಸೇರುವ ಬಾಯಿಗೆ ನಾವು ‘ಅಳಿವೆ’ ಎನ್ನುತ್ತೇವೆ. ನೋಡಲು ಅದೆಷ್ಟು ಚೆಂದವೋ ಅಷ್ಟೇ ಅಪಾಯದ ಸ್ಥಳ. ಮಳೆಗಾಲದಲ್ಲಿ ಒಳಗಿನಿಂದ ನೆರೆನೀರು ನುಗ್ಗುತ್ತದೆ, ಹೊರಗಿನಿಂದ ತೆರೆ ಬರುತ್ತದೆ, ಅಡಿಯಲ್ಲಿ ಮರಳು ದಿನದಿನಕ್ಕೂ ಜಾಗ ಬದಲಿಸುತ್ತದೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ದೊಡ್ಡ ಯಾಂತ್ರಿಕ ದೋಣಿಗಳಿಗೆ ಸರಕಾರದ ನಿಷೇಧವಿದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಹೀಗಾಗಿ ಸಮುದ್ರ ಅತ್ಯಂತ ಒರಟಾಗಿರುವ ದಿನಗಳಲ್ಲಿ ಕಡಲಿಗಿಳಿಯುವವು ಅತ್ಯಂತ ಸಣ್ಣ ದೋಣಿಗಳು! ಬಡವರಿಗೆ ಸಿಕ್ಕ ಅನುಕೂಲವೂ ಅದೇ, ಆತಂಕವೂ ಅದೇ.

ಕಳೆದ ಮಳೆಗಾಲದಲ್ಲಿ ನನ್ನ ಅಣ್ಣನ ಮಗನ ದೋಣಿ ಮೀನು ತುಂಬಿಕೊಂಡು ಮರಳುವಾಗ ಅಳಿವೆಯ ಬಾಯಲ್ಲೇ ಎಂಜಿನ್ ನಿಂತುಹೋಯಿತು. ಎಂಜಿನ್ ನಿಂತ ದೋಣಿಗೆ ಚುಕ್ಕಾಣಿಯೂ ಇಲ್ಲ. ಏಕೆಂದರೆ ಈ ದೋಣಿಗಳಲ್ಲಿ ಎಂಜಿನ್ನನ್ನು ತಿರುಗಿಸುವುದೇ ಚುಕ್ಕಾಣಿ ತಿರುಗಿಸಿದಂತೆ. ದೋಣಿ ತೆರೆಗೆ ಅಡ್ಡವಾಗಿ ತಿರುಗತೊಡಗಿತು. ಅಡ್ಡ ತಿರುಗಿದ ದೋಣಿಯನ್ನು ಮಗುಚಲು ಒಂದೇ ತೆರೆ ಸಾಕು. ಹಿಂದೆ ಬರುತ್ತಿದ್ದ ಇನ್ನೊಂದು ದೋಣಿಯವರು ಹಗ್ಗ ಎಸೆದು ಎಳೆದರು. ಎಲ್ಲರೂ ಮನೆಗೆ ಬಂದರು. ಅಂದು ರಾತ್ರಿ ಫೋನಿನಲ್ಲಿ ಅಣ್ಣ ಹೇಳಿದ ಮಾತು ಒಂದೇ: “ದುಡ್ಡ್ ಹೋರೂ ಅಡ್ಡಿಲ್ಲ, ಮಕ್ಕಳ್ ಮನಿಗ್ ಬರ್ಕ್.” ದೋಣಿಗೆ ಎರಡನೆಯ ಎಂಜಿನ್ ಕೂರಿಸುವುದೆಂದು ನಿಶ್ಚಯವಾಯಿತು. ಒಂದು ಎಂಜಿನ್ ಎಂದರೆ ಲಕ್ಷದ ಮಾತು. ಮುಂಬಯಿಯಲ್ಲಿರುವ ನಾವೂ ಪಾಲು ಹಾಕಬೇಕೆಂದಾಯಿತು.

ಬಿ.ಎ. ತರಗತಿಯಲ್ಲಿ ನಾನು ಸಿಂಜ್ ಎಂಬ ಐರಿಶ್ ನಾಟಕಕಾರನ ‘ರೈಡರ್ಸ್ ಟು ದ ಸೀ’ ಓದಿದ್ದೆ. ಗಂಡನನ್ನೂ ಆರು ಮಂದಿ ಗಂಡುಮಕ್ಕಳನ್ನೂ ಸಮುದ್ರಕ್ಕೆ ಒಪ್ಪಿಸಿದ ಮುದುಕಿಯ ಕಥೆ. ಸಹಪಾಠಿಗಳಿಗೆ ಅದು ಪರೀಕ್ಷೆಯ ಪ್ರಶ್ನೆಯಾಗಿತ್ತು. ನನಗೆ ನಮ್ಮ ಓಣಿಯ ಸುದ್ದಿಯಂತೆ ಕಂಡಿತ್ತು.

ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗ ಒಂದು ಪ್ರಶ್ನೆ ಎತ್ತಿದ. “ಎರಡು ಸಣ್ಣ ಎಂಜಿನ್ ಯಾಕೆ? ಒಂದು ದೊಡ್ಡದನ್ನೇ ಹಾಕಬಹುದಲ್ಲ?” ಪ್ರಶ್ನೆ ಸರಿಯಾದದ್ದೇ. ಉತ್ತರ ಹುಡುಕುತ್ತ ನಾವಿಬ್ಬರೂ ವೆರ್ಸೋವಾದ ಜೆಟ್ಟಿಗೆ ಹೋದೆವು.

ಇಲ್ಲಿನ ದೊಡ್ಡ ದೋಣಿಗಳ ಡೀಸೆಲ್ ಎಂಜಿನ್ ದೋಣಿಯ ಹೊಟ್ಟೆಯೊಳಗೆ ಇರುತ್ತದೆ. ಸಣ್ಣ ಫೈಬರ್ ದೋಣಿಗಳ ಎಂಜಿನ್ ಮಾತ್ರ ಹಿಂಬದಿಯ ಹಲಗೆಗೆ ಹೊರಗಿನಿಂದ ತೂಗುಬಿದ್ದಿರುತ್ತದೆ. ಅದಕ್ಕೇ ಅದು ‘ಔಟ್‌ಬೋರ್ಡ್’, ಅಂದರೆ ಹಲಗೆಯ ಹೊರಗಿನದು. ಇದನ್ನು ಜನಪ್ರಿಯಗೊಳಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಓಲೆ ಎವಿನ್‌ರೂಡ್. ಬೇಸಿಗೆಯ ದಿನ ತನ್ನ ಹುಡುಗಿಗೆ ಐಸ್‌ಕ್ರೀಮ್ ತರಲು ಕೆರೆಯಲ್ಲಿ ಹುಟ್ಟು ಹಾಕಿ ಹೋಗಿಬರುವಷ್ಟರಲ್ಲಿ ಅದು ಕರಗಿಹೋಯಿತಂತೆ, ಆಗ ಈ ಯೋಚನೆ ಹೊಳೆಯಿತಂತೆ. 1909ರಲ್ಲಿ ಅವನು ತನ್ನ ಎಂಜಿನ್‌ಗಳನ್ನು ಮಾರಾಟಕ್ಕೆ ತಂದ. ನಮ್ಮ ಮೀನುಗಾರಿಕೆಗೆ ಯಂತ್ರ ತರುವಲ್ಲಿಯೂ ನಾರ್ವೆಯ ಪಾತ್ರವಿದೆ: 1952ರ ಒಪ್ಪಂದದಂತೆ ಕೇರಳದ ಕೊಲ್ಲಂ ಬಳಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಗಿ, ಮುಂದೆ ನಮ್ಮ ಕಾರವಾರಕ್ಕೂ ಬಂತು.

ನನ್ನ ಬಾಲ್ಯದಲ್ಲಿ ಊರಿಗೆ ಊರೇ ಸೇರಿ ದಡದಿಂದ ಎಳೆಯುವ ರಂಪಣಿ ಬಲೆಯಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದವು. ದಡಕ್ಕೆ ಮೀನು ಬರುವುದು ಕಡಿಮೆಯಾಯಿತು, ಜಗಳಗಳಾದವು, ರಂಪಣಿ ಮೂಲೆ ಸೇರಿತು. ಮೀನು ನಮ್ಮ ಬಳಿ ಬರದಿದ್ದರೆ ನಾವೇ ಮೀನಿನ ಬಳಿ ಹೋಗಬೇಕೆಂದು ನಾಡದೋಣಿಯವರು ಔಟ್‌ಬೋರ್ಡ್ ಕಟ್ಟಿಕೊಂಡರು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುವ ಎಂಜಿನ್‌ಗಳವು; ತಣ್ಣಗಿರುವಾಗ ಸೀಮೆಎಣ್ಣೆ ಸುಲಭವಾಗಿ ಆವಿಯಾಗುವುದಿಲ್ಲ. ಸೀಮೆಎಣ್ಣೆಗಾಗಿ ಪರ್ಮಿಟ್ಟು, ಕಾಯುವಿಕೆ ಎಲ್ಲ ಇದ್ದದ್ದೇ. 2023ರ ಬಜೆಟ್ಟಿನಲ್ಲಿ ಕರ್ನಾಟಕ ಸರಕಾರ ಇವುಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಬದಲಿಸಲು ತಲಾ 50 ಸಾವಿರ ರೂಪಾಯಿ ಸಹಾಯಧನ ಘೋಷಿಸಿತು.

ಜೆಟ್ಟಿಯಲ್ಲಿ ಬಲೆ ಹೊಲಿಯುತ್ತಿದ್ದ ಒಬ್ಬ ಹಿರಿಯ ತಾಂಡೇಲರು ನಮ್ಮ ಮಾತನ್ನು ಸಾವಧಾನದಿಂದ ಕೇಳಿದರು. ನನ್ನ ಮಗನ ಮರಾಠಿ ನನಗಿಂತ ಚೆನ್ನಾಗಿದೆ, ಪ್ರಶ್ನೆಗಳೆಲ್ಲ ಅವನವೇ. ತಾಂಡೇಲರು ಹೇಳಿದ್ದನ್ನೂ ಮಗ ಆಮೇಲೆ ಓದಿ ಖಚಿತಪಡಿಸಿಕೊಂಡದ್ದನ್ನೂ ಸೇರಿಸಿ ಬರೆಯುತ್ತೇನೆ.

ವೇಗ ಮಾತ್ರ ಬೇಕಿದ್ದರೆ ಒಂದು ದೊಡ್ಡ ಎಂಜಿನ್ ಮೇಲು. ಎರಡಕ್ಕಿಂತ ತೂಕ ಕಡಿಮೆ, ಎಣ್ಣೆಯೂ ಕಡಿಮೆ. ಶಕ್ತಿ ಇಮ್ಮಡಿಯಾದರೆ ಭಾರದ ದೋಣಿಯ ವೇಗ ಇಮ್ಮಡಿಯಾಗುವುದಿಲ್ಲ. ತಾನೇ ಎಬ್ಬಿಸಿದ ತೆರೆಯನ್ನು ತಳ್ಳುವುದರಲ್ಲೇ ಹೆಚ್ಚಿನ ಬಲ ಹೋಗುತ್ತದೆ. ಎರಡು ಎಂಜಿನ್ ಹಾಕುವುದು ಬೇಗ ಹೋಗಲಿಕ್ಕಲ್ಲ, ಮರಳಿ ಬರಲಿಕ್ಕೆ. ಒಂದು ಕೈಕೊಟ್ಟರೆ ಅದನ್ನು ನೀರಿನಿಂದ ಮೇಲೆತ್ತಿ, ಇನ್ನೊಂದರಿಂದ ನಿಧಾನವಾಗಿಯಾದರೂ ತೆರೆಗೆ ಮುಖ ಕೊಟ್ಟು ದೋಣಿ ನಡೆಸಬಹುದು.

ಆದರೆ ಕೂರಿಸುವುದು ಹೊಸ ಬಲ್ಬು ಹಾಕಿದಷ್ಟು ಸುಲಭವಲ್ಲ. ಹಿಂಬದಿಯ ಹಲಗೆ ಒಂದು ಎಂಜಿನ್ನಿನ ನೂಕುವಿಕೆಗೆಂದು ಮಾಡಿದ್ದು. ಎರಡಕ್ಕೆ ಒಳಗಿನಿಂದ ಹಲಗೆ ಕೊಟ್ಟು, ಪಕ್ಕಗಳಿಗೆ ಬಿಗಿದು ಬಲಪಡಿಸಬೇಕು. ಎರಡನೆಯ ಎಂಜಿನ್ ಎಂದರೆ ಹಿಂಬದಿಗೆ ಸುಮಾರು 40 ಕಿಲೋ ಹೆಚ್ಚು ಭಾರ. ಹಿಂಬದಿ ತಗ್ಗಿದರೆ ಹಿಂದಿನಿಂದ ಬರುವ ತೆರೆ ಒಳಗೆ ನುಗ್ಗುತ್ತದೆ. ಆದ್ದರಿಂದ ಎಣ್ಣೆಯ ಟ್ಯಾಂಕುಗಳನ್ನೂ ಬಲೆಯನ್ನೂ ಮುಂದಕ್ಕೆ ಸರಿಸಬೇಕು. ಎಂಜಿನ್ನಿನ ಕಾಲಿಗೆ 15, 20, 25 ಇಂಚು ಎಂದು ಅಳತೆಗಳಿವೆ. ಹಲಗೆಯ ಎತ್ತರಕ್ಕೆ ಅದು ಹೊಂದಬೇಕು. ಕಾಲು ಗಿಡ್ಡವಾದರೆ ಪ್ರೊಪೆಲ್ಲರ್ ನೀರಿನ ಬದಲು ಗಾಳಿಯನ್ನು ಕಡೆಯುತ್ತದೆ. ಎರಡೂ ತೀರ ಹತ್ತಿರವಿದ್ದರೆ ತಿರುಗಿಸುವಾಗ ಒಂದಕ್ಕೊಂದು ತಾಗುತ್ತವೆ. ತೀರ ದೂರವಿದ್ದರೆ ದೋಣಿ ವಾಲಿದಾಗ ಒಂದರ ಪ್ರೊಪೆಲ್ಲರ್ ನೀರಿನಿಂದ ಹೊರಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ತಾಂಡೇಲರು ಕೊನೆಗೆ ಕೇಳಿದರು: “ಅಂದು ಎಂಜಿನ್ ನಿಂತದ್ದು ಯಾಕೆ?” ಊರಿಗೆ ಫೋನು ಮಾಡಿದೆವು. ಎಣ್ಣೆಗೆ ನೀರು ಸೇರಿತ್ತು ಎಂದ ಹುಡುಗ. “ಹಾಗಾದರೆ ಎರಡನ್ನೂ ಒಂದೇ ಟ್ಯಾಂಕಿಗೆ ಜೋಡಿಸಿದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಲಕ್ಷ ಖರ್ಚು ಮಾಡಿಯೂ ನಿಮ್ಮಲ್ಲಿ ಇರುವುದು ಒಂದೇ ಎಂಜಿನ್,” ಎಂದರು ಅವರು. ಪ್ರತಿ ಎಂಜಿನ್ನಿಗೆ ಬೇರೆ ಟ್ಯಾಂಕು, ಬೇರೆ ಪೈಪು, ನೀರು ಬೇರ್ಪಡಿಸುವ ಬೇರೆ ಫಿಲ್ಟರು. ಊರಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಖರ್ಚು ಇದು. ಎಂಜಿನ್ನಿನ ಬೆಲೆಯ ಎದುರು ತೀರ ಸಣ್ಣದು. ಆದರೆ ಜೀವ ಉಳಿಸುವುದು ಅದೇ. ಮಗ ಅಲ್ಲಿಯೇ ಒಂದು ನಕ್ಷೆ ಬರೆದು ಫೋನಿನಲ್ಲಿ ಗಂಗೊಳ್ಳಿಗೆ ಕಳುಹಿಸಿದ. ಅದಕ್ಕೂ ಮೊದಲು ಮೀನುಗಾರಿಕಾ ಇಲಾಖೆಯಲ್ಲಿ ನೋಂದಣಿಯ ವಿಷಯವನ್ನೂ 10 ಅಶ್ವಶಕ್ತಿಯ ನಿಯಮವನ್ನೂ ವಿಚಾರಿಸಲು ಹೇಳಿದ.

ಮುಂದಿನ ರಜೆಯಲ್ಲಿ ನಾವು ಊರಿಗೆ ಹೋದೆವು. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ಹೆದ್ದಾರಿ. ಪ್ರವಾಸಿಗರು ಫೋಟೋ ತೆಗೆಯುವ ಆ ಜಾಗದಿಂದ ಗಂಗೊಳ್ಳಿ ದೂರವೇನಲ್ಲ. ದೋಣಿಯ ಹಿಂದೆ ಎರಡು ಎಂಜಿನ್‌ಗಳು ಜೋಡೆತ್ತಿನಂತೆ ನಿಂತಿದ್ದವು. ಟ್ಯಾಂಕುಗಳು ಬೇರೆ ಬೇರೆ. ಸೋದರತ್ತೆಯ ಮಗನನ್ನು ಕೂರಿಸಿಕೊಂಡು ಹುಡುಗ ಹೊಳೆಯಲ್ಲಿ ಪರೀಕ್ಷೆ ಮಾಡಿ ತೋರಿಸಿದ. ಒಂದನ್ನು ಬೇಕೆಂದೇ ನಿಲ್ಲಿಸಿ ಮೇಲೆತ್ತಿದ. ದೋಣಿ ಮೆಲ್ಲಗಾಯಿತು, ತುಸು ಪಕ್ಕಕ್ಕೆ ಎಳೆಯಿತು. ಆದರೆ ಅಡ್ಡ ತಿರುಗಲಿಲ್ಲ. ಪ್ರತಿ ಸಲ ಕಡಲಿಗೆ ಹೊರಡುವ ಮೊದಲು ಹೀಗೆ ಒಂದೊಂದನ್ನೇ ನಿಲ್ಲಿಸಿ ನೋಡುವುದು ಈಗ ಅವರ ಪದ್ಧತಿ. ದಡದಲ್ಲಿ ನಿಂತಿದ್ದ ಅತ್ತಿಗೆ ಏನೂ ಹೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಊಟಕ್ಕೆ ಎಬ್ಬಿಸಿದರು.

ಎಂಜಿನ್ ಎರಡಿದೆ ಎಂದು ಬಿರುಗಾಳಿಯ ಮುನ್ಸೂಚನೆಯ ದಿನ ಹೊರಡುವಂತಿಲ್ಲ. ಜೀವರಕ್ಷಕ ಅಂಗಿಯನ್ನು ಮನೆಯಲ್ಲಿ ಬಿಡುವಂತಿಲ್ಲ. ಈ ಮಾತನ್ನು ಅಣ್ಣ ಈಗಲೂ ದಿನಾ ಹೇಳುತ್ತಾನೆ.

ಪ್ರಿಯ ಯುವಮಿತ್ರರೇ, ನಿಮ್ಮಲ್ಲಿ ಎಂಜಿನಿಯರುಗಳಿದ್ದೀರಿ, ಲೆಕ್ಕಪತ್ರ ಬಲ್ಲವರಿದ್ದೀರಿ. ಊರಿನವರು ನಿಮ್ಮಿಂದ ಕೇಳುವುದು ಬರಿಯ ಹಣವನ್ನಲ್ಲ. ಅವರ ಕೆಲಸದ ಬಗ್ಗೆ ನೀವು ಒಂದು ಒಳ್ಳೆಯ ಪ್ರಶ್ನೆ ಕೇಳಿದರೂ ಅವರಿಗೆ ಸಂತೋಷ. ಒಂದು ಭಾನುವಾರ ಮಾಲ್‌ಗೆ ಹೋಗುವ ಬದಲು ವೆರ್ಸೋವಾದ ಜೆಟ್ಟಿಗೆ ಹೋಗಿ. ದೋಣಿಗಳ ಹಿಂಬದಿಯನ್ನು ನೋಡಿ, ತಾಂಡೇಲರೊಡನೆ ಮಾತಾಡಿ. ಆಮೇಲೆ ರಜೆ ಸಿಕ್ಕಾಗ ಊರಿಗೆ ಹೋಗಿ, ನಿಮ್ಮ ಚಿಕ್ಕಪ್ಪನದೋ ಮಾವನದೋ ದೋಣಿಯ ಎಣ್ಣೆಯ ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಕೇಳಿ.