ಬರ್ಲಿನ್‌ನಲ್ಲಿ ಬಾಡಿಗೆ ಮನೆ

ವಿಮಾನ ನಿಲ್ದಾಣದಿಂದ ರೈಲು ಹಿಡಿದು ಬರ್ಲಿನ್‌ನ ಮುಖ್ಯ ನಿಲ್ದಾಣದಲ್ಲಿ ಇಳಿದಾಗ ನವೆಂಬರ್ ತಿಂಗಳ ಸಂಜೆ ಐದಕ್ಕೇ ಗಾಢ ಕತ್ತಲು. ಅಲ್ಲಿಂದ ಮೋಆಬಿಟ್‌ನ ನಮ್ಮ ವಿಳಾಸ ಹತ್ತಿರ. ಸ್ಪ್ರೇ ನದಿಯೂ ಕಾಲುವೆಗಳೂ ಸುತ್ತುವರಿದು ನಡುಗಡ್ಡೆಯೇ ಆಗಿರುವ ಬಡಾವಣೆ ಅದು. ನಮ್ಮ ಮನೆ ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡ.

ಮನೆಯ ಒಡತಿ ಟಾರ್ಚ್ ಹಿಡಿದು ಕೋಣೆ ಕೋಣೆ ಸುತ್ತಿಸಿ ಗೋಡೆಯ ಗೀರು, ಮೀಟರಿನ ಅಂಕಿ, ಕೀಲಿಗಳ ಲೆಕ್ಕ ಎಲ್ಲವನ್ನೂ ಕಾಗದಕ್ಕಿಳಿಸಿದರು. ಇಬ್ಬರೂ ಸಹಿ ಹಾಕಿದೆವು. ಮನೆ ಬಿಡುವಾಗ ತಕರಾರು ಬಾರದಿರಲು ಈ ಕಾಗದವೇ ಆಧಾರ. ಈ ಊರಿನಲ್ಲಿ ಬಹುಪಾಲು ಜನ ಬಾಡಿಗೆ ಮನೆಯವರೇ. ಕಾನೂನೂ ಅವರ ಬೆನ್ನಿಗಿದೆ. ಹೀಟಿಂಗ್, ನೀರಿನ ಖರ್ಚು ಬಿಟ್ಟ ಬಾಡಿಗೆಯ 3 ತಿಂಗಳ ಮೊತ್ತಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಅದನ್ನೂ 3 ಕಂತಿನಲ್ಲಿ ಕಟ್ಟಬಹುದು. ಬೆಂಗಳೂರಿನಲ್ಲಿ 10 ತಿಂಗಳ ಅಡ್ವಾನ್ಸ್ ಹೊಂದಿಸಲು ಪರದಾಡಿದ್ದ ನನಗೆ ಇದು ದೊಡ್ಡ ನೆಮ್ಮದಿ.

ಒಡತಿ ಹೋದ ಮೇಲೆ ತಲೆಯೆತ್ತಿ ನೋಡಿದರೆ ದೀಪಗಳೇ ಇಲ್ಲ. ಚಾವಣಿಯ ನಡುವಿನಿಂದ ಬಣ್ಣಬಣ್ಣದ ಮೂರು ತಂತಿ ಇಳಿಬಿದ್ದಿದ್ದವು, ತುದಿಗೊಂದು ಪ್ಲಾಸ್ಟಿಕ್ ಕನೆಕ್ಟರ್. ಹಳೆಯ ಬಾಡಿಗೆದಾರರು ತಮ್ಮ ದೀಪ ಬಿಚ್ಚಿಕೊಂಡು ಹೋಗುವುದು ಇಲ್ಲಿನ ರೂಢಿ. ಬರ್ಲಿನ್‌ನಲ್ಲಿ ಒಲೆ, ಸಿಂಕ್ ಸಾಮಾನ್ಯವಾಗಿ ಸಿಗುತ್ತವೆ. ಜರ್ಮನಿಯ ಎಷ್ಟೋ ಊರುಗಳಲ್ಲಿ ಅಡುಗೆಮನೆಯೆಂದರೆ ಬರೀ ಗೋಡೆ, ನೀರಿನ ಕೊಳವೆ. ಮೊಬೈಲ್ ಟಾರ್ಚನ್ನು ಡಬ್ಬಿಗೆ ಒರಗಿಸಿಟ್ಟು ಆ ರಾತ್ರಿ ಉಪ್ಪಿಟ್ಟು ಕೆದಕಿದೆ. ಮರುದಿನ ಭಾನುವಾರ, ಅಂಗಡಿಗಳಿಗೆ ರಜೆ.

ಎದುರು ಮನೆಯ ಹಿರಿಯರೊಬ್ಬರು ಬಾಗಿಲು ತಟ್ಟಿ ಎರಡು ಮಾತು ಹೇಳಿದರು. ಚಳಿಯೆಂದು ಕಿಟಕಿ ಮುಚ್ಚಿಕೊಂಡೇ ಕೂರಬೇಡಿ, ದಿನಾ ಕೆಲವು ನಿಮಿಷ ಪೂರ್ತಿ ತೆರೆಯಿರಿ, ಇಲ್ಲವಾದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಇನ್ನೊಂದು, ಅಂಚೆಪೆಟ್ಟಿಗೆಗೂ ಕರೆಗಂಟೆಗೂ ಇವತ್ತೇ ಹೆಸರು ಅಂಟಿಸಿ. ಇಲ್ಲಿ ಫ್ಲ್ಯಾಟಿಗೆ ನಂಬರು ಬರೆಯುವ ವಾಡಿಕೆಯಿಲ್ಲ. ಹೆಸರು ಕಾಣದಿದ್ದರೆ ಅಂಚೆಯವರು ಪತ್ರ ಹಿಂದಕ್ಕೆ ಕಳಿಸುತ್ತಾರೆ. ಬ್ಯಾಂಕ್ ಕಾರ್ಡು, ತೆರಿಗೆ ಸಂಖ್ಯೆ ಎಲ್ಲವೂ ಬರುವುದು ಅಂಚೆಯಲ್ಲೇ.

ಆ ತೆರಿಗೆ ಸಂಖ್ಯೆ ಹುಟ್ಟುವುದು ವಿಳಾಸ ನೋಂದಾಯಿಸಿದ ಮೇಲೆ. ಮನೆ ಸೇರಿದ 2 ವಾರದೊಳಗೆ ನೋಂದಾಯಿಸಬೇಕು. ಅದಕ್ಕೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕೇ ಬೇಕು. 2015ರ ನವೆಂಬರ್‌ನಿಂದ ಅದನ್ನು ಕೊಡುವುದು ಮಾಲೀಕರ ಕಾನೂನುಬದ್ಧ ಹೊಣೆ. ಜರ್ಮನಿಗೆ ಹೊರಟವರು ಕರಾರಿಗೆ ಮುನ್ನ ಈ ಪತ್ರದ ಮಾತೆತ್ತಿ. ಕೊಡುವುದಿಲ್ಲ ಎಂದರೆ, ಬಾಡಿಗೆ ಎಷ್ಟೇ ಅಗ್ಗವಾಗಿರಲಿ, ಆ ಮನೆ ಬೇಡ.