ಮಳೆ, ಕುಂಕುಮ, ಮರಳು: ಕೊಲ್ಲೂರಿನ ಒಂದು ವಿಜ್ಞಾನ ವರ್ಷ

ಜೂನ್ ತಿಂಗಳು. ಕೊಲ್ಲೂರಿನ ಹೈಸ್ಕೂಲೊಂದರ ಹಿಂದಿನ ಬೆಂಚಿನಲ್ಲಿ ನೀವು ಕುಳಿತಿದ್ದೀರಿ. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಟೀಚರ್ ಮಾತು ನಿಮ್ಮವರೆಗೆ ತಲುಪುತ್ತಿಲ್ಲ. ಅವರು ಪುಸ್ತಕ ಮಡಚಿಟ್ಟು, ನೀರಿನ ಬಾಟಲಿಯೊಂದರ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಟಲಿಯ ಬಾಯಿಗೆ ಕೂರಿಸುತ್ತಾರೆ. ಇಬ್ಬರು ಹುಡುಗರು ಅದನ್ನು ಅಂಗಳದಲ್ಲಿಟ್ಟು ಓಡಿ ಬರುತ್ತಾರೆ. ಮಳೆಮಾಪಕ ಸಿದ್ಧ.

ಮರುದಿನ ಸ್ಕೇಲು ಹಿಡಿದು ಅಳತೆ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಶಾಲೆಯ ಮಾಡಿನ ಉದ್ದಗಲ ಗುಣಿಸಿದ ಹುಡುಗಿ ಬಂದ ಲೆಕ್ಕ ನೋಡಿ ಬೆರಗಾಗಿದ್ದಾಳೆ. “ಇಷ್ಟ್ ನೀರ್ ಎಲ್ಲಿಗ್ ಹೋತ್ ಟೀಚರ್?” ಉತ್ತರ ಹತ್ತಿರದಲ್ಲೇ ಇದೆ. ಕೆಂಪಾಗಿ ಹರಿಯುವ ಸೌಪರ್ಣಿಕೆ ಅದನ್ನೆಲ್ಲ ಹೊತ್ತು ಮರವಂತೆಯ ಪಕ್ಕದಲ್ಲೇ ಸಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ.

ನವರಾತ್ರಿ ಹತ್ತಿರವಾದಾಗ ಆಮ್ಲ, ಪ್ರತ್ಯಾಮ್ಲದ ಪಾಠ. ನನ್ನ ಮಟ್ಟಿಗೆ ಇಡೀ ವರ್ಷದ ಅತ್ಯುತ್ತಮ ತರಗತಿ ಇದೇ. ಮೇಜಿನ ಮೇಲೆ ಅರಿಶಿನದ ನೀರು, ಎಲೆಯಡಿಕೆಯ ಸುಣ್ಣ, ಲಿಂಬೆಹಣ್ಣು. ಚಿಟಿಕೆ ಸುಣ್ಣ ಬಿದ್ದದ್ದೇ ತಡ, “ಕಾಣಿ ಟೀಚರ್, ಕೆಂಪಾಯ್ತ್!” ಲಿಂಬೆರಸ ಹಿಂಡಿದರೆ ಮತ್ತೆ ಹಳದಿ. ದೇವಳದ ಬೀದಿಯ ಅಂಗಡಿಗಳಲ್ಲಿ ಗುಡ್ಡೆ ಹಾಕಿದ ಕುಂಕುಮವನ್ನು ಈ ಮಕ್ಕಳು ಹುಟ್ಟಿದಾಗಿನಿಂದ ಕಂಡಿದ್ದಾರೆ. ಅರಿಶಿನ ಹಣೆಯ ಕೆಂಪಾಗುವ ಬಗೆ ಈಗ ಅವರ ಕೈಬೆರಳಲ್ಲೇ ಇದೆ. ಒಬ್ಬ ಮನೆಯಿಂದ ಕುಂಕುಮದ ಪೊಟ್ಟಣ ತಂದು ಅದಕ್ಕೂ ಲಿಂಬೆ ಹಿಂಡುತ್ತಾನೆ. ಬಣ್ಣ ಕದಲುವುದಿಲ್ಲ. ಹಾಗಾದರೆ ಅದರಲ್ಲಿ ಸುಣ್ಣ, ಅರಿಶಿನವಲ್ಲದೆ ಬೇರೇನೋ ಇದೆ. ಪಠ್ಯದಲ್ಲಿಲ್ಲದ ಆ ಪ್ರಶ್ನೆ ಗಂಟೆ ಹೊಡೆದ ಮೇಲೂ ನಿಲ್ಲುವುದಿಲ್ಲ.

ಡಿಸೆಂಬರ್‌ನಲ್ಲಿ ಆಕಾಶ ತಿಳಿಯಾಗುತ್ತದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಗ್ರಹಣ ಹಿಡಿದು ಮಂಗಳೂರಿನಲ್ಲಿ ಸೂರ್ಯ ಬಳೆಯಾದ. ಕೊಲ್ಲೂರು ಆ ಬಳೆ ಕಾಣುವ ಪಟ್ಟಿಯಿಂದ ಉತ್ತರಕ್ಕಿದ್ದುದರಿಂದ ಇಲ್ಲಿ ಆಳವಾದ ಪಾರ್ಶ್ವಗ್ರಹಣ, ಬಿದಿಗೆ ಚಂದ್ರನಂಥ ಸೂರ್ಯ. ಅಂಥ ಹೊತ್ತಿನಲ್ಲಿ ಮಾವಿನ ಮರದಡಿ ನಿಂತು ನೆಲ ನೋಡಿ. ಎಲೆಗಳ ಸಂದಿನಿಂದ ಇಳಿದ ಒಂದೊಂದು ಬಿಸಿಲ ಚುಕ್ಕೆಯೂ ಬಾಗಿದ ಬಿಂಬ. ಸೂಜಿರಂಧ್ರ ಕ್ಯಾಮೆರಾವನ್ನು ಇದಕ್ಕಿಂತ ಚೆನ್ನಾಗಿ ಯಾವ ಚಿತ್ರ ವಿವರಿಸೀತು?

ಜನವರಿಯಲ್ಲಿ ನೀರಿಳಿದ ಹೊಳೆಯಂಚಿನಲ್ಲಿ ಮಕ್ಕಳು ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಮರಳಿನ ಮೇಲೆ ಎಳೆಯುತ್ತಾರೆ. ಕಪ್ಪು ಹುಡಿ ಮೀಸೆಯಂತೆ ಅಂಟುತ್ತದೆ, ಕಬ್ಬಿಣದ ಅದಿರಿನ ಕಣಗಳು. ತಲೆಯೆತ್ತಿದರೆ 1,343 ಮೀಟರ್ ಎತ್ತರದ ಕೊಡಚಾದ್ರಿ. ಅಲ್ಲಿನ ಮೂಲ ಮೂಕಾಂಬಿಕಾ ಗುಡಿಯ ಬಳಿ ಹಳೆಯ ಕಬ್ಬಿಣದ ಕಂಬವೊಂದಿದೆ. ಈ ಘಟ್ಟದ ಮಳೆಯಲ್ಲಿ ಕಬ್ಬಿಣ ತುಕ್ಕು ತಿಂದು ಸವೆಯದೆ ನಿಂತದ್ದು ಹೇಗೆ? ಟೀಚರ್ ಉತ್ತರ ಹೇಳುವುದಿಲ್ಲ, ಮೊಳೆಗಳನ್ನು ಹಂಚುತ್ತಾರೆ: ಒಂದು ಒಣಗಿದ ಶೀಶೆಗೆ, ಒಂದು ನೀರಿಗೆ, ಒಂದು ಉಪ್ಪುನೀರಿಗೆ. ವಾರ ಕಾಯಬೇಕು.

ಫೆಬ್ರವರಿ 28, ವಿಜ್ಞಾನಿ ಸಿ.ವಿ. ರಾಮನ್ 1928ರಲ್ಲಿ ಮಾಡಿದ ಶೋಧದ ನೆನಪಿನ ವಿಜ್ಞಾನ ದಿನ. ಭಾಷಣ, ರಸಪ್ರಶ್ನೆ, ಮಾದರಿಗಳ ಸಾಲು. ಕೋಟದ ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಕನ್ನಡದಲ್ಲಿ ಬರೆದಿಟ್ಟ ಸೀಮೆಯಿದು. ಆ ದಿನ ಮಕ್ಕಳು ತಮ್ಮ ಮಾತಿನಲ್ಲೇ ವಿವರಿಸಲಿ, ಬಾಯಿಪಾಠ ಬೇಡ.

ಒಂದು ಪಾಠ ಮಾತ್ರ ಶಾಲೆಯ ಕೈಗೆ ಸಿಗುವುದೇ ಇಲ್ಲ. ವರ್ಷಕ್ಕೆ ಎರಡು ಸಲ ಸೂರ್ಯ ಕೊಲ್ಲೂರಿನ ನೆತ್ತಿಯ ಮೇಲೇ ಬಂದು, ನೆಟ್ಟಗೆ ನಿಂತ ಕೋಲಿಗೆ ನೆರಳಿಲ್ಲದಂತಾಗುತ್ತದೆ. ಆಗಸ್ಟ್ ನಡುವಿನದು ಮೋಡದ ಪಾಲು, ಏಪ್ರಿಲ್ ಕೊನೆಯದು ಬೇಸಿಗೆ ರಜೆಯ ಪಾಲು. ಆದ್ದರಿಂದ ಇದು ಮನೆಯವರ ಕೆಲಸ. ಏಪ್ರಿಲ್ 26, 27ರ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಅಂಗಳದಲ್ಲಿ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ, ಮಕ್ಕಳನ್ನು ಕರೆಯಿರಿ.